ಮರಗಸಿ: ಹದಿನೇಳು ವರ್ಷದ ಅಂತರಕ್ಕೆ ಲೆಕ್ಕ ಇಟ್ಟ ಪ್ರೇಮಕಾದಂಬರಿ

ಕಾಫಿ ತೋಟದಲ್ಲಿ ಮರಗಸಿ ಅಂದರೆ ನೆರಳುಮರದ ಕೊಂಬೆ ಕಡಿದು ಕೆಳಗಿನ ಗಿಡಕ್ಕೆ ಬೆಳಕು ಬಿಡುವ ಕೆಲಸ. ಮರ ಉರುಳಿಸುವ ಹಾಗಿಲ್ಲ, ಬೋಳು ಮಾಡುವ ಹಾಗೂ ಇಲ್ಲ. ಯಾವ ಕೊಂಬೆ ಹೋಗಬೇಕು, ಯಾವುದು ಉಳಿಯಬೇಕು ಅಂತ ಕೆಳಗೆ ನಿಂತು, ಕತ್ತೆತ್ತಿ ನೋಡಿ ಹೇಳಬೇಕು. ನೆರಳು ಜಾಸ್ತಿಯಾದರೆ ಗಿಡ ಬರೀ ಉದ್ದಕ್ಕೆ ಹೋಗುತ್ತದೆ, ಹೂ ಕಮ್ಮಿ, ಮಳೆಗಾಲದಲ್ಲಿ ಕೊಳೆರೋಗ ಬೇರೆ. ನೆರಳು ಕಮ್ಮಿಯಾದರೆ ಎಲೆ ಸುಡುತ್ತದೆ, ಅರೇಬಿಕಾ ಜಾತಿಯ ಕಾಫಿಗೆ ಬಿಳಿ ಕಾಂಡಕೊರಕ ಹುಳು ಹತ್ತುತ್ತದೆ. ಹಳೆಯ ಮರಕ್ಕೂ ಎಳೆಯ ಗಿಡಕ್ಕೂ ನಡುವೆ ಎಷ್ಟು ಬೆಳಕು ಇಳಿಯಬೇಕು ಅನ್ನುವ ಈ ವಿಚಾರವನ್ನೇ ಹೆಸರಾಗಿ ಇಟ್ಟುಕೊಂಡಿರುವ ‘ಮರಗಸಿ’ ಕಾದಂಬರಿ, ವಯಸ್ಸಿನ ಅಂತರದ ಪ್ರೇಮ ಬರೆಯುವವರು ಸಾಮಾನ್ಯವಾಗಿ ಕೈಬಿಡುವ ಒಂದು ಸಂಗತಿಯನ್ನು ಬಿಗಿಯಾಗಿ ಹಿಡಿದಿದೆ. ಇಬ್ಬರ ನಡುವಿನ ಅಂತರ ಕೊನೆಯವರೆಗೂ ಅಷ್ಟೇ ಇರುತ್ತದೆ, ಅದರ ಭಾರ ಮಾತ್ರ ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತದೆ.

ಕಥೆ ಇಷ್ಟು. 1979ನೇ ಇಸವಿ, ಮೂಡಿಗೆರೆ ಕಡೆಯ ಒಂದು ಅರೇಬಿಕಾ ತೋಟ. ಅಲ್ಲಿನ ರೈಟರ್‌ಗೆ, ಅಂದರೆ ತೋಟದ ಲೆಕ್ಕ ಬರೆಯುವ ಗುಮಾಸ್ತನಿಗೆ, 42 ವರ್ಷ. ಹೆಂಡತಿ ತೀರಿಕೊಂಡು ಆರು ವರ್ಷವಾಗಿದೆ, 14ರ ಮಗಳಿದ್ದಾಳೆ. ಪಕ್ಕದೂರಿನ ಪ್ರಾಥಮಿಕ ಶಾಲೆಗೆ ಹಾಸನದಿಂದ ಹೊಸ ಟೀಚರ್ ಬರುತ್ತಾಳೆ, ಅವಳಿಗೆ 25. 1981ರಲ್ಲಿ ಮದುವೆ. ಕಾದಂಬರಿ ಮುಗಿಯುವುದು 2013ರಲ್ಲಿ, ಅವನಿಗೆ 76 ಆದಾಗ, ಅವಳಿಗೆ 59 ಆದಾಗ. ಇಡೀ ಪುಸ್ತಕದಲ್ಲಿ ಇಬ್ಬರಿಗೂ ಹೆಸರಿಲ್ಲ. ಊರು ಕರೆದ ಹಾಗೆ ‘ರೈಟ್ರು’, ‘ಟೀಚ್ರು’ ಅಷ್ಟೇ. ಮೊದಲ ಐವತ್ತು ಪುಟದಲ್ಲಿ ಇದು ಸ್ವಲ್ಪ ತೊಡಕಾಗುತ್ತದೆ, ಆಮೇಲೆ ಹೆಸರು ಬೇಕು ಅನ್ನಿಸುವುದೇ ಇಲ್ಲ. ತೋಟದ ಬದುಕಿನಲ್ಲಿ ರೈಟರ್, ಮೇಸ್ತ್ರಿ, ಸಾಹುಕಾರ್ರು ಅನ್ನುವುದೇ ಹೆಸರು.

ಗಂಡು ದೊಡ್ಡವನು, ಹೆಣ್ಣು ಚಿಕ್ಕವಳು ಅನ್ನುವುದು ನಮ್ಮಲ್ಲಿ ಹೊಸದಲ್ಲ. ಎರಡನೇ ಸಂಬಂಧಕ್ಕೆ ಕೊಟ್ಟ ಹೆಣ್ಣುಮಕ್ಕಳ ಕಥೆ ನಮ್ಮ ಎಷ್ಟೋ ಮನೆಗಳಲ್ಲಿದೆ. ಬಡತನಕ್ಕೆ ಕೊಟ್ಟದ್ದು, ವರದಕ್ಷಿಣೆ ಹೊಂದಿಸಲಾಗದೆ ಕೊಟ್ಟದ್ದು, ಜಾತಕ ಕೂಡಲಿಲ್ಲವೆಂದು ಕೊಟ್ಟದ್ದು. ಹಾಗಾಗಿ ಇಂಥದ್ದನ್ನು ಪ್ರೇಮಕಥೆ ಅಂತ ಓದುಗರಿಗೆ ಒಪ್ಪಿಸಬೇಕಾದರೆ ಲೇಖಕರು ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಬೇಕು: ಅವಳಿಗೆ ಬೇರೆ ದಾರಿ ಇತ್ತೇ? ಇಲ್ಲಿ ಇತ್ತು. ಸರ್ಕಾರಿ ಕೆಲಸವಿತ್ತು, ತಿಂಗಳ ಸಂಬಳವಿತ್ತು, ಹಾಸನದಲ್ಲಿ ಅಣ್ಣನ ಮನೆ ಇತ್ತು. ನೋಡಿ ಒಪ್ಪಿಕೊಂಡು ಹೋದ ಗಂಡೂ ಇದ್ದ. ಆ ಹುಡುಗನನ್ನು ಕುಡುಕನನ್ನಾಗಿಯೋ ದುಡ್ಡಿನಾಸೆಯವನನ್ನಾಗಿಯೋ ಮಾಡಿ ಲೇಖಕರು ಕೈತೊಳೆದುಕೊಂಡಿಲ್ಲ. ಅವನು ಸಭ್ಯ, ಅವಳದೇ ವಯಸ್ಸಿನವನು, ಚೆನ್ನಾಗಿ ಮಾತಾಡುತ್ತಾನೆ. ಅವಳು ಬೇಡ ಅನ್ನುವ ದೃಶ್ಯ ಒಂದೂವರೆ ಪುಟ, ಅದರಲ್ಲಿ ಕಾರಣ ಒಂದೂ ಇಲ್ಲ. ಅಣ್ಣ ಕೇಳುತ್ತಾನೆ, ಅತ್ತಿಗೆ ಕೇಳುತ್ತಾಳೆ, ಅವಳು ರಾಗಿ ಕೇರುತ್ತಾ ಕೂತಿರುತ್ತಾಳೆ. ಇನ್ನೊಂದು ಮುಖ್ಯ ಮಾತು, ರೈಟರ್ ಅವಳ ಯಜಮಾನನಲ್ಲ, ಗುರುವೂ ಅಲ್ಲ. ಅವನ ಕೈಕೆಳಗೆ ಅವಳ ಯಾವ ಕೆಲಸವೂ ಇಲ್ಲ. ವಯಸ್ಸಿನಲ್ಲಿ ಅವನು ಮೇಲೆ, ಓದಿನಲ್ಲಿ, ಸಂಬಳದ ಭದ್ರತೆಯಲ್ಲಿ ಅವಳು ಮೇಲೆ. ಈ ಸಮತೂಕ ಕಟ್ಟಿಕೊಡದೆ ಇಂಥ ಕಥೆ ಬರೆದವರು ಎಡವುವುದು ಇಲ್ಲೇ.

ಪುಸ್ತಕದ ಜೀವ ಇರುವುದು ‘ನೀವು’, ‘ನೀನು’ಗಳಲ್ಲಿ. ಕನ್ನಡದಲ್ಲಿ ಪ್ರೇಮ ಬರೆಯುವವರಿಗೆ ಸಿಕ್ಕಿರುವ ಇಷ್ಟು ಒಳ್ಳೆಯ ಸಲಕರಣೆಯನ್ನು ಎಷ್ಟು ಜನ ಸುಮ್ಮನೆ ಮೂಲೆಗಿಟ್ಟಿದ್ದಾರೆ! ಮೊದಲ ಭೇಟಿಯಲ್ಲಿ ಇಬ್ಬರೂ ಬಹುವಚನ. ಅವಳು ‘ರೈಟ್ರೇ’ ಅನ್ನುತ್ತಾಳೆ, ಅವನು ‘ಟೀಚ್ರೇ’ ಅನ್ನುತ್ತಾನೆ. ತನಗಿಂತ ಹದಿನೇಳು ವರ್ಷ ಚಿಕ್ಕವಳನ್ನು ‘ನೀವು’ ಅನ್ನುವುದು ತೋಟದಲ್ಲಿ ಯಾರಿಗೂ ವಿಚಿತ್ರವಲ್ಲ, ಅವಳು ಮೇಷ್ಟ್ರಲ್ಲವೇ. ಮದುವೆಯಾದ ಮೇಲೂ ಅವನು ‘ನೀವು’ ಬಿಡುವುದಿಲ್ಲ. ಆಗ ಆಳುಗಳು ವಾಸವಿರುವ ಲೈನ್ ಮನೆಯ ಹೆಂಗಸರಿಗೆ ನಗು, ಸಾಹುಕಾರರ ಮನೆಯಲ್ಲಿ ಮಾತು. ಅವಳು ಎಲ್ಲ ಹೆಂಡತಿಯರ ಹಾಗೆ ‘ರೀ’ಗೆ ಬರುತ್ತಾಳೆ, ಅವನು ಮಾತ್ರ ‘ಟೀಚ್ರೇ, ಊಟ ಆಯ್ತಾ’ ಅನ್ನುತ್ತಲೇ ಇರುತ್ತಾನೆ. 1984ರ ಮಳೆಗಾಲದಲ್ಲಿ ಅವಳಿಗೆ ಟೈಫಾಯ್ಡ್ ಬಂದು ಜ್ವರ ಇಳಿಯದೆ ಇದ್ದ ರಾತ್ರಿ, ಒಂದೇ ಒಂದು ಸಲ, ‘ಕುಡಿ’ ಅನ್ನುತ್ತಾನೆ. ‘ಕುಡೀರಿ’ ಅಲ್ಲ, ‘ಕುಡಿ’. ಬೆಳಗ್ಗೆ ಮತ್ತೆ ‘ನೀವು’. ಆ ಒಂದು ಶಬ್ದವನ್ನು ಅವಳು ಯಾರಿಗೂ ಹೇಳುವುದಿಲ್ಲ. ಇದರ ಜೋಡಿಶಬ್ದ ಇಪ್ಪತ್ತೈದು ವರ್ಷ ಕಳೆದು ಬರುತ್ತದೆ. ಅವನಿಗೆ ಲಕ್ವ ಹೊಡೆದು, ಗಂಜಿ ನುಂಗಲೂ ಕಲಿಯಬೇಕಾಗಿ ಬಂದಾಗ, ಗಲ್ಲ ಹಿಡಿದುಕೊಂಡು ಅವಳು ಹೇಳುತ್ತಾಳೆ, ‘ನುಂಗು, ನಿಧಾನ.’ ಜೀವನವಿಡೀ ‘ರೀ’ ಅಂದವಳ ಬಾಯಲ್ಲಿ ಮೊದಲ ಏಕವಚನ. ಲೇಖಕರು ಅಲ್ಲಿ ನಿಂತು ವಿವರಿಸಿಲ್ಲ, ಟೈಫಾಯ್ಡಿನ ರಾತ್ರಿಯನ್ನು ನೆನಪಿಸಿಯೂ ಇಲ್ಲ. ನೆನಪಿಸಿದ್ದರೆ ಎರಡೂ ಕೆಡುತ್ತಿದ್ದವು.

ತೋಟದ ಕೆಲಸ ಗೊತ್ತಿರುವವರು ಬರೆದ ಪುಸ್ತಕ ಅನ್ನುವುದು ಮೂರನೇ ಅಧ್ಯಾಯಕ್ಕೇ ತಿಳಿಯುತ್ತದೆ. ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ) ಬರೆಯುವುದು, ಸಂತೆಯ ಹಿಂದಿನ ದಿನ ಕೂಲಿ ಬಟವಾಡೆ ಮಾಡುವುದು, ಕಣದಲ್ಲಿ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು ತೊಳೆದ ಕಾಫಿಬೀಜ) ಕೆದಕುವುದು, ಸಂಜೆ ರಾಶಿ ಮಾಡಿ ಮುಚ್ಚುವುದು, ಯಾವುದರಲ್ಲೂ ಎಡವಟ್ಟಿಲ್ಲ. ಹೂಮಳೆಯ ಅಧ್ಯಾಯವಂತೂ ಅಚ್ಚುಕಟ್ಟು. ಮಾರ್ಚ್‌ನಲ್ಲಿ ಒಂದು ಇಂಚು ಮಳೆ ಬೀಳುತ್ತದೆ. ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗುತ್ತದೆ. ಅವಳು ಶಾಲೆಯ ಮಕ್ಕಳನ್ನು ಕರೆದುಕೊಂಡು ನೋಡಲು ಬರುತ್ತಾಳೆ, ಸಂಭ್ರಮಪಡುತ್ತಾಳೆ. ರೈಟರ್ ಮಾತ್ರ ಆಕಾಶ ನೋಡುತ್ತಾ ನಿಂತಿರುತ್ತಾನೆ. ಹೂವು ಬಿಟ್ಟರೆ ಸಾಲದು, ಮುಂದಿನ ಕೆಲವು ವಾರದಲ್ಲಿ ಎರಡನೆಯ ಮಳೆ, ತೋಟದವರ ಮಾತಲ್ಲಿ ಬ್ಯಾಕಿಂಗ್ ಮಳೆ, ಬರದಿದ್ದರೆ ಕಾಯಿ ಕಚ್ಚುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿಲ್ಲ, ಅವನು ಹೇಳಿಕೊಡುತ್ತಾನೆ. ಹೂ ಅರಳಿ ನಿಂತ ದಿನವೇ ಮಳೆ ಹೊಡೆದರೂ ಕಷ್ಟ, ಪರಾಗ ತೊಳೆದುಹೋಗುತ್ತದೆ. ಪ್ರೀತಿಯ ಮಾತು ಒಂದೂ ಇಲ್ಲದ ಆರು ಪುಟ ಇವು. ಮೊದಲ ಮಳೆಗೆ ಎಲ್ಲರೂ ಅರಳುತ್ತಾರೆ, ಎರಡನೆಯ ಮಳೆಗೆ ಕಾಯುವುದೇ ಕಷ್ಟ ಅನ್ನುವುದು ಓದುಗರಿಗೆ ತಾನಾಗಿ ದಕ್ಕುತ್ತದೆ.

ಹೆಸರಿನ ಮರಗಸಿ ದೃಶ್ಯ ಬರುವುದು ಹದಿನೊಂದನೇ ಅಧ್ಯಾಯದಲ್ಲಿ, ಅದನ್ನು ಹತ್ತಿರದಿಂದ ನೋಡಬೇಕು. ಮರ ಹತ್ತುವವನು ರೈಟರ್ ಅಲ್ಲ. ಹಗ್ಗ, ಕತ್ತಿ ಸೊಂಟಕ್ಕೆ ಕಟ್ಟಿಕೊಂಡ ಪಳಗಿದ ಆಳು ಹತ್ತುತ್ತಾನೆ. ರೈಟರ್ ಕೆಳಗೆ ನಿಂತು ಕೋಲಿನಲ್ಲಿ ತೋರಿಸುತ್ತಾನೆ. ಹಾಲುವಾಣದ ಒತ್ತು ಕೊಂಬೆ ಹೋಗುತ್ತವೆ, ಅತ್ತಿ, ಬೀಟೆಯಂಥ ಮೇಲ್ನೆರಳಿನ ಮರಗಳಲ್ಲಿ ಕೆಳಕ್ಕೆ ಜೋತ ಕೊಂಬೆಗಳಷ್ಟೇ ಹೋಗುತ್ತವೆ. ಮೋಟು ಬಿಡದೆ ಬುಡಕ್ಕೆ ಸರಿಯಾಗಿ ಕಡಿಯಬೇಕು, ಮೋಟು ಉಳಿದರೆ ನೀರು ನಿಂತು ಕೊಳೆತು, ಕೊಳೆ ಮರದೊಳಗೆ ಇಳಿಯುತ್ತದೆ. ದೊಡ್ಡ ಕೊಂಬೆಗೆ ಮೊದಲು ಹಗ್ಗ ಹಾಕಿ ನಿಧಾನಕ್ಕೆ ಇಳಿಸಬೇಕು, ಇಲ್ಲದಿದ್ದರೆ ಕೆಳಗಿನ ನಾಲ್ಕು ಕಾಫಿ ಗಿಡ ಸೀಳಿಹೋಗುತ್ತವೆ. ಟೀಚರ್ ಬದುವಿನ ಮೇಲೆ ನಿಂತು ನೋಡುತ್ತಿರುತ್ತಾಳೆ. ಕೊಂಬೆ ಇಳಿದ ತಕ್ಷಣ ಅಷ್ಟು ಹೊತ್ತು ಕಪ್ಪಗಿದ್ದ ಜಾಗಕ್ಕೆ ಬಿಸಿಲು ಬೀಳುತ್ತದೆ, ಎಲೆಯ ಮೇಲಿನ ಧೂಳು ಕಾಣುತ್ತದೆ. ಮದುವೆಯಾಗಿ ಆರು ವರ್ಷ ಆಗಿರುವ ಹೊತ್ತು ಅದು. ಅವಳು ಮೈಸೂರಿಗೆ ಹೋಗಿ ಬಿ.ಎಡ್. ಮಾಡಬೇಕು ಅಂದುಕೊಂಡಿದ್ದಾಳೆ, ಹೇಗೆ ಕೇಳುವುದು ಅಂತ ತಿಂಗಳಿಂದ ತಡೆದುಕೊಂಡಿದ್ದಾಳೆ. ಅವನು ಆಳಿಗೆ ಕೊಂಬೆ ತೋರಿಸುತ್ತಲೇ, ತಿರುಗಿ ನೋಡದೆ, ‘ಹೋಗಿ ಬನ್ನಿ ಟೀಚ್ರೇ’ ಅನ್ನುತ್ತಾನೆ. ವಯಸ್ಸಾದವನ ಪ್ರೀತಿ ಎಳೆಯವಳಿಗೆ ನೆರಳಾಗುವುದು ಸುಲಭ. ತನ್ನದೇ ಕೊಂಬೆ ಕಡಿದು ಬೆಳಕು ಬಿಡುವುದನ್ನು ಇಷ್ಟು ಚೆನ್ನಾಗಿ ತೋರಿಸಿದ ದೃಶ್ಯ ಪುಸ್ತಕದಲ್ಲಿ ಇನ್ನೊಂದಿಲ್ಲ.

ಇಷ್ಟು ಬಲ್ಲವರು ಅದೇ ದೃಶ್ಯದ ತಿಂಗಳನ್ನು ತಪ್ಪಿದ್ದಾರೆ. ಅಧ್ಯಾಯ ಶುರುವಾಗುವುದು ಸಂಕ್ರಾಂತಿಯ ವಾರದಲ್ಲಿ. ಜನವರಿ ಅರೇಬಿಕಾ ಕೊಯ್ಲು ಮುಗಿಯುವ ಕಾಲ, ಗಿಡದಲ್ಲಿ ಇನ್ನೂ ಹಣ್ಣಿರುತ್ತದೆ, ಆಳುಗಳೆಲ್ಲ ಕೊಯ್ಲಿನಲ್ಲಿರುತ್ತಾರೆ. ಮುಂದೆ ಬರುವುದು ಒಣ ಬೇಸಿಗೆ, ಆಗ ಗಿಡಕ್ಕೆ ನೆರಳು ಬೇಕು. ಆ ಹೊತ್ತಿಗೆ ಹಾಲುವಾಣ ಬೋಳಿಸುವ ರೈಟರ್‌ನನ್ನು ಸಾಹುಕಾರರು ಅಂದೇ ಮನೆಗೆ ಕಳಿಸುತ್ತಾರೆ. ಮಳೆಗಾಲ ಹಿಡಿಯುವ ಹೊತ್ತಿಗೆ, ಮೋಡ ಕವಿದು ಬೆಳಕು ಕಮ್ಮಿಯಾಗುವ ಮುನ್ನ ಮಾಡುವ ಕೆಲಸ ಅದು. ಹಾಗೆಯೇ ಇಪ್ಪತ್ತನೇ ಅಧ್ಯಾಯದಲ್ಲಿ ಕಾಫಿ ಹೂವಿನ ಪರಿಮಳ ಹದಿನೈದು ದಿನ ಮನೆ ತುಂಬಿತ್ತು ಅಂತಿದೆ. ಅರಳಿದ ಹೂವು ಎರಡು ಮೂರು ದಿನಕ್ಕೆ ಕಂದುತ್ತದೆ. ಬೇರೆ ಬೇರೆ ಪಟ್ಟೆಗೆ ಬೇರೆ ಬೇರೆ ದಿನ ಮಳೆ ಬಿದ್ದಿದ್ದರೆ ವಾರ ಅನ್ನಬಹುದು, ಹದಿನೈದು ದಿನ ಹೆಚ್ಚಾಯಿತು. ರೈಲಿನ ತಪ್ಪೂ ಒಂದಿದೆ. 1981ರಲ್ಲಿ ಹೊಸ ದಂಪತಿ ಸಕಲೇಶಪುರದಿಂದ ಮೀಟರ್‌ಗೇಜ್ ರೈಲಿನಲ್ಲಿ ಎಡಕುಮೇರಿ ದಾಟಿ ಸುಬ್ರಹ್ಮಣ್ಯಕ್ಕೆ ಹೋಗುವುದು ಸರಿ, ಹಾಸನ-ಮಂಗಳೂರು ಮಾರ್ಗ 1979ಕ್ಕೆ ತೆರೆದಿತ್ತು. ಆದರೆ 2003ರಲ್ಲಿ ಮಗಳು ಮಂಗಳೂರಿನಿಂದ ಸಕಲೇಶಪುರಕ್ಕೆ ರೈಲಿನಲ್ಲಿ ಬಂದಿಳಿಯುತ್ತಾಳೆ. ಬ್ರಾಡ್‌ಗೇಜ್ ಮಾಡಲು ಆ ಮಾರ್ಗ ನಿಂತಿತ್ತು, ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರಲ್ಲಿ. ಅವಳನ್ನು ಶಿರಾಡಿ ಘಾಟಿಯಲ್ಲಿ ಬಸ್ಸಿನಲ್ಲಿ ತಂದಿದ್ದರೆ ಸಾಕಿತ್ತು.

ಮದುವೆಯ ಅಧ್ಯಾಯದ್ದು ಬರೀ ತಪ್ಪಲ್ಲ, ಕೈಗೆ ಬಂದ ತುತ್ತನ್ನು ಚೆಲ್ಲಿಕೊಂಡದ್ದು. ಇಬ್ಬರದೂ ಬೇರೆ ಜಾತಿ, ಹಾಗಾಗಿ ವಿಶೇಷ ವಿವಾಹ ಕಾಯಿದೆಯಡಿ ರಿಜಿಸ್ಟರ್ ಮದುವೆ. ಬೆಳಗ್ಗೆ ಅರ್ಜಿ ಕೊಟ್ಟು ಮಧ್ಯಾಹ್ನಕ್ಕೆ ಸಹಿ ಹಾಕಿ ಹೊರಬರುತ್ತಾರೆ. 1954ರ ಆ ಕಾಯಿದೆಯಲ್ಲಿ ಹಾಗಾಗುವುದಿಲ್ಲ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದು, ವಿವಾಹಾಧಿಕಾರಿಗೆ ನೋಟಿಸು ಕೊಡಬೇಕು. ಅದರ ಪ್ರತಿ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. ಆಕ್ಷೇಪಣೆಗೆ 30 ದಿನ ಅವಕಾಶ. ಆಮೇಲೆ ಮೂವರು ಸಾಕ್ಷಿಗಳ ಮುಂದೆ ಸಹಿ. ಅಂದರೆ ಒಂದು ತಿಂಗಳು ಅವರಿಬ್ಬರ ಹೆಸರು, ವಯಸ್ಸು, ಊರು ಗೋಡೆಯ ಮೇಲೆ ಇರುತ್ತದೆ. ಸಂತೆಗೆ ಬಂದವರು, ಪಹಣಿಗೆ ಬಂದವರು, ಶಾಲೆಯ ಮಕ್ಕಳ ಅಪ್ಪಂದಿರು ಎಲ್ಲ 44 ಮತ್ತು 27 ಅನ್ನುವ ಎರಡು ಅಂಕಿಗಳನ್ನು ಓದಿಕೊಂಡು ಹೋಗುತ್ತಾರೆ. ಇಬ್ಬರಿಗೂ ಹೆಸರೇ ಕೊಡದ ಕಾದಂಬರಿಯಲ್ಲಿ ಅವರ ಹೆಸರು ಊರಿನ ಗೋಡೆಗೆ ಏರುವ ತಿಂಗಳು ಅದು. ಆ ಮೂವತ್ತು ದಿನ ಅವಳು ಶಾಲೆಗೆ ಹೇಗೆ ಹೋಗಿ ಬಂದಳು ಅನ್ನುವುದೇ ಒಂದು ಅಧ್ಯಾಯವಾಗಬೇಕಿತ್ತು. ಕಾನೂನು ಸರಿಯಾಗಿ ನೋಡಿಕೊಂಡಿದ್ದರೆ ಕಥೆಯೇ ಗಟ್ಟಿಯಾಗುತ್ತಿತ್ತು.

ಮಗಳ ಪಾತ್ರ ಗಟ್ಟಿಯಾಗಿದೆ. ಅವಳಿಗೂ ಟೀಚರ್‌ಗೂ ಇರುವುದು ಹನ್ನೊಂದು ವರ್ಷದ ಅಂತರ, ಗಂಡ ಹೆಂಡತಿಯ ಅಂತರಕ್ಕಿಂತ ಕಮ್ಮಿ. ‘ಅಮ್ಮ’ ಅನ್ನುವಂತಿಲ್ಲ, ‘ಅಕ್ಕ’ ಅನ್ನುವಂತಿಲ್ಲ, ‘ಚಿಕ್ಕಮ್ಮ’ ಬಾಯಿಗೆ ಬರುವುದಿಲ್ಲ. ಕೊನೆಯವರೆಗೂ ‘ಟೀಚರ್’ ಅಂತಲೇ ಕರೆಯುತ್ತಾಳೆ, ತನ್ನ ಮಕ್ಕಳಿಗೂ ‘ಟೀಚರಜ್ಜಿ’ ಅಂತ ಹೇಳಿಕೊಡುತ್ತಾಳೆ. ಇಬ್ಬರ ನಡುವೆ ಜಗಳವಾಗುವುದು ರೈಟರ್ ಹೆಸರಿನ ಎರಡು ಎಕರೆ ತೋಟಕ್ಕೆ. ಇಲ್ಲಿ ಲೇಖಕರು ಕಾನೂನು ಸರಿಯಾಗಿ ನೋಡಿದ್ದಾರೆ. ಸ್ವಯಾರ್ಜಿತ ಆಸ್ತಿ, ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿಗೂ ಮಗಳಿಗೂ ಸಮಪಾಲು. ಹೆಂಡತಿಗೆ ಇನ್ನೂ ಬಹಳ ಆಯುಸ್ಸಿದೆ, ಅವಳ ಪಾಲು ತನ್ನ ಕೈಗೆ ಬರುವ ಹೊತ್ತಿಗೆ ತಾನೇ ಮುದುಕಿಯಾಗಿರುತ್ತೇನೆ ಅನ್ನುವ ಮಗಳ ಲೆಕ್ಕದಲ್ಲಿ ದುರಾಸೆ ಇಲ್ಲ, ವಯಸ್ಸಿನ ಅಂತರ ಇನ್ನೊಬ್ಬರ ಬದುಕಿನಲ್ಲಿ ಮಾಡುವ ಗಾಯ ಅದು. ಇಬ್ಬರು ಸಾಕ್ಷಿಗಳನ್ನು ಕರೆದು ರೈಟರ್ ಉಯಿಲು ಬರೆಸುವ ಅಧ್ಯಾಯ ಬೇಗ ಮುಗಿಯುತ್ತದೆ, ಅಷ್ಟೇ ಸಾಕು.

ದೊಡ್ಡ ಕೊರತೆ ನಡುವಿನದು. ಕಾದಂಬರಿ 1988ರಿಂದ ನೇರ 2001ಕ್ಕೆ ಹಾರುತ್ತದೆ. ಅವನ 51ರಿಂದ 64, ಅವಳ 34ರಿಂದ 47. ವಯಸ್ಸಿನ ಅಂತರದ ದಾಂಪತ್ಯದಲ್ಲಿ ನಿಜವಾದ ಕಷ್ಟ ಶುರುವಾಗುವ ಹದಿಮೂರು ವರ್ಷ ಅವು. ಅವನ ಮೈ ಸೋಲುವ ಹೊತ್ತು, ಅವಳ ಕೆಲಸ ಏರುವ ಹೊತ್ತು. ಮಕ್ಕಳಾಗಲಿಲ್ಲ ಅನ್ನುವುದನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದಾರೆ. ಅದು ಅವಳ ಆಯ್ಕೆಯೋ, ಆಗದೇ ಹೋದದ್ದೋ, ಅವನು ತನ್ನ ವಯಸ್ಸು ನೋಡಿ ಬೇಡವೆಂದನೋ ತಿಳಿಯುವುದಿಲ್ಲ. ತೋಟದ ಲೋಕದಲ್ಲೂ ಆ ಹದಿಮೂರು ವರ್ಷದಲ್ಲಿ ಆದದ್ದು ಸಣ್ಣದಲ್ಲ. ಬೆಳೆಗಾರರೆಲ್ಲ ಬೆಳೆಯನ್ನು ಕಾಫಿ ಮಂಡಳಿಯ ಒಟ್ಟು ಮಾರಾಟದ ಪೂಲ್‌ಗೇ ಕೊಡಬೇಕಿದ್ದ ವ್ಯವಸ್ಥೆ 1990ರ ದಶಕದಲ್ಲಿ ಸಡಿಲವಾಗಿ ಹೋಯಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಗಗನಕ್ಕೇರಿತು. ಜೀಪು ಬಂದವು, ಹೊಸ ಮನೆ ಎದ್ದವು. ಆಮೇಲೆ 2000ದ ಹೊತ್ತಿಗೆ ಬೆಲೆ ನೆಲಕ್ಕೆ ಬಿತ್ತು. ಏರಿದ್ದನ್ನು ತೋರಿಸದೆ ಬಿದ್ದದ್ದನ್ನು ಮಾತ್ರ ತೋರಿಸಿದರೆ ಬಿದ್ದ ನೋವು ಅರ್ಧವೇ ದಕ್ಕುತ್ತದೆ.

2001ರಿಂದ ಮುಂದಿನದು ಮತ್ತೆ ಗಟ್ಟಿ ನೆಲ. ಬೆಲೆ ಕುಸಿದು ತೋಟದವರು ರೈಟರ್‌ನನ್ನು ಬಿಡಿಸುತ್ತಾರೆ. ಅವನು 1970ರಿಂದ ಅಲ್ಲಿದ್ದವನು, 31 ವರ್ಷದ ಸೇವೆ. ಟೀಚರ್ ಶಾಲೆಯ ಹಳೆಯ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗೆ ಸಿಗುವ ಇಡಿಗಂಟು) ಲೆಕ್ಕ ಹಾಕುತ್ತಾಳೆ: ಕೊನೆಯ ತಿಂಗಳ ಸಂಬಳ 4,160 ರೂಪಾಯಿ, ಅದನ್ನು 26ರಿಂದ ಭಾಗಿಸಿದರೆ ದಿನಕ್ಕೆ 160, ಹದಿನೈದು ದಿನಕ್ಕೆ 2,400, ಅದರ 31 ಪಟ್ಟು 74,400. ಲೆಕ್ಕ ಸರಿಯಾಗಿದೆ, 1972ರ ಕಾಯಿದೆಯ ಸೂತ್ರವೇ ಅದು. ಬಹಳ ಜನ 26ರ ಬದಲು 30ರಿಂದ ಭಾಗಿಸಿ ಕಮ್ಮಿ ದುಡ್ಡಿಗೆ ಸಹಿ ಹಾಕಿ ಬರುತ್ತಾರೆ, ತೋಟದ ಕಚೇರಿಯೂ ಇವನಿಗೆ ಹಾಗೆಯೇ ಮಾಡಿಕೊಟ್ಟಿರುತ್ತದೆ. 64,480 ಅಂತ ಬರೆದ ಚೀಟಿಯನ್ನು ಅವಳು ವಾಪಸು ಕಳಿಸುತ್ತಾಳೆ. ಮೂವತ್ತೊಂದು ವರ್ಷ ಬೇರೆಯವರ ಲೆಕ್ಕ ಬರೆದವನಿಗೆ ತನ್ನ ಲೆಕ್ಕ ಕೇಳಲು ಬಾಯಿ ಬರುವುದಿಲ್ಲ, ಅವಳು ಕೇಳುತ್ತಾಳೆ. ಮನೆಯ ಭಾರ ಅವನ ಹೆಗಲಿನಿಂದ ಅವಳ ಹೆಗಲಿಗೆ ಇಳಿಯುವುದು ಈ ಚೀಟಿಯಲ್ಲೇ.

ಲಕ್ವದ ಅಧ್ಯಾಯಗಳಿಗಾಗಿಯೇ ಈ ಪುಸ್ತಕ ಕೊಳ್ಳಬಹುದು. 2009, ಅವನಿಗೆ 72. ಬೆಳಗಿನ ಜಾವ ನಾಲ್ಕಕ್ಕೆ ಅವಳಿಗೆ ಎಚ್ಚರವಾದಾಗ ಅವನ ಬಾಯಿ ವಾರೆಯಾಗಿದೆ, ಬಲಗೈ ಎತ್ತಲಾಗುತ್ತಿಲ್ಲ, ಮಾತು ತೊದಲುತ್ತಿದೆ. ಜೀಪಿನಲ್ಲಿ ಚಾರ್ಮಾಡಿ ಘಾಟಿ ಇಳಿದು ಮಂಗಳೂರು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿ ಕೊಡಬೇಕಾದರೆ ಆಗ ಲಕ್ವ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಿತ್ತು. ಡಾಕ್ಟರು ಕೇಳುವ ಮೊದಲ ಪ್ರಶ್ನೆ, ಕೊನೆಯ ಸಲ ಸರಿಯಾಗಿದ್ದದ್ದನ್ನು ನೋಡಿದ್ದು ಯಾವಾಗ? ರಾತ್ರಿ ಹತ್ತಕ್ಕೆ ದೀಪ ಆರಿಸಿದ್ದು. ಲೆಕ್ಕ ಶುರುವಾಗುವುದು ಎಚ್ಚರವಾದ ನಾಲ್ಕರಿಂದಲ್ಲ, ಆ ಹತ್ತರಿಂದ. ಪಕ್ಕದಲ್ಲೇ ಮಲಗಿದ್ದೂ ಅವಳಿಗೆ ಹೊತ್ತು ಗೊತ್ತಿಲ್ಲ. ಔಷಧಿಯ ಗಡುವು ಮುಗಿದಿದೆ. ಯಾರ ತಪ್ಪೂ ಅಲ್ಲದ ಈ ಆರು ಗಂಟೆಯನ್ನು ಅವಳು ಕೊನೆಯವರೆಗೆ ಹೊತ್ತುಕೊಂಡೇ ಇರುತ್ತಾಳೆ.

ಆಮೇಲಿನ ಆರೈಕೆಯಲ್ಲಿ ಕಣ್ಣೀರಿಗಿಂತ ಕೆಲಸ ಜಾಸ್ತಿ. ಶಾಲೆಯ ವೇಳಾಪಟ್ಟಿಯ ಹಾಗೆ ಅವಳು ಸ್ಲೇಟಿನಲ್ಲಿ ಗೆರೆ ಎಳೆದು ಬರೆದಿಡುತ್ತಾಳೆ, ಎರಡು ಗಂಟೆಗೊಂದು ಪಿರಿಯಡ್: ಎಡಮಗ್ಗುಲು, ಬೆನ್ನು, ಬಲಮಗ್ಗುಲು. ಹಗಲು ಅವಳು ಶಾಲೆಯಲ್ಲಿದ್ದಾಗ ಲೈನ್ ಮನೆಯ ಹೆಂಗಸು ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಮಂಡಿಗಳ ನಡುವೆ ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಮಡಿಸಿದ ಕಂಬಳಿ. ಕೆಂಪಾದ ಜಾಗ ಉಜ್ಜಬಾರದು, ಉಜ್ಜಿದರೆ ಒಳಗಿನ ಮಾಂಸ ಇನ್ನಷ್ಟು ಜಜ್ಜುತ್ತದೆ. ತೆಳ್ಳನೆಯ ನೀರು ಗಂಟಲಿಗೆ ತಪ್ಪಿ ಶ್ವಾಸಕ್ಕೆ ಹೋಗುತ್ತದೆ, ಗಂಜಿ ಮಂದ ಇರಬೇಕು. ನೆಟ್ಟಗೆ ಕೂರಿಸಿ ತಿನ್ನಿಸಬೇಕು, ತಿಂದು ಅರ್ಧ ಗಂಟೆ ಮಲಗಿಸಬಾರದು. ಮನೆಯಲ್ಲಿ ಇಂಥ ರೋಗಿ ಇರುವವರು ಈ ಪುಟಗಳನ್ನು ತೆರೆದಿಟ್ಟುಕೊಂಡು ಕೆಲಸ ಮಾಡಬಹುದು, ಅಷ್ಟು ಸರಿಯಾಗಿದೆ. ಇಲ್ಲೇ ಇನ್ನೊಂದು ಲೆಕ್ಕ ಬರುತ್ತದೆ. ನಿವೃತ್ತಿ 58ಕ್ಕೆ ಅಂದುಕೊಂಡು 2012ಕ್ಕೆ ಕಾಯುತ್ತಿದ್ದವಳಿಗೆ, 2008ರಲ್ಲಿ ರಾಜ್ಯ ಸರ್ಕಾರ ಅದನ್ನು 60ಕ್ಕೆ ಏರಿಸಿದ್ದರಿಂದ ಇನ್ನೂ ಎರಡು ವರ್ಷ ಸೇರಿಕೊಂಡಿದೆ. ಸಹೋದ್ಯೋಗಿಗಳಿಗೆಲ್ಲ ಸಂತೋಷ. ಇವಳೊಬ್ಬಳು ಸ್ವಯಂ ನಿವೃತ್ತಿಯ ಅರ್ಜಿ ಬರೆಯುತ್ತಾಳೆ, ಔಷಧಿಯ ಖರ್ಚು ನೋಡಿ ಮಡಿಸಿಡುತ್ತಾಳೆ. ಅರ್ಜಿ ಹರಿಯುವುದೂ ಇಲ್ಲ, ಕೊಡುವುದೂ ಇಲ್ಲ. ಅದು ಅಕ್ಕಿ ಡಬ್ಬದ ಕೆಳಗೆ ಹಾಗೇ ಇರುತ್ತದೆ.

ಭಾಷೆಯ ಬಗ್ಗೆ ಒಂದೆರಡು ಮಾತು. ಅವಳದು ಹಾಸನದ ಬಯಲುಸೀಮೆಯ ಮಾತು, ಅವನದು ಮಲೆನಾಡಿನದು. ಅವಳಿಗೆ ಮುದ್ದೆ ಇಲ್ಲದೆ ಊಟ ಇಳಿಯುವುದಿಲ್ಲ, ಅವನಿಗೆ ಕಡುಬು, ಅಕ್ಕಿರೊಟ್ಟಿ. ವರ್ಷಕ್ಕೊಮ್ಮೆ ಅವಳು ಹಾಸನಾಂಬೆಯ ಬಾಗಿಲು ತೆರೆದಾಗ ಊರಿಗೆ ಹೋಗುತ್ತಾಳೆ. ಆಶ್ವಯುಜದ ಹುಣ್ಣಿಮೆ ಕಳೆದ ಗುರುವಾರ ತೆರೆದು ಬಲಿಪಾಡ್ಯಮಿ ಮುಗಿದು ಮುಚ್ಚುವ ಆ ಕೆಲವು ದಿನಗಳು ಮಾತ್ರ ಅವಳು ತನ್ನೂರಿನ ಕನ್ನಡ ಬಾಯ್ತುಂಬ ಆಡುತ್ತಾಳೆ. ಈ ಸಣ್ಣ ಸಂಗತಿಗಳೆಲ್ಲ ಚೆನ್ನಾಗಿವೆ. ಹಳೆಯ ವಾರಪತ್ರಿಕೆ ಧಾರಾವಾಹಿಗಳ ಹಾಗೆ ಪ್ರತಿ ಅಧ್ಯಾಯದ ಕೊನೆಗೂ ಒಂದು ಕುತೂಹಲ ನೇತುಹಾಕುವ ಅಭ್ಯಾಸ ಮಾತ್ರ ಈ ಕಥೆಗೆ ಬೇಡವಾಗಿತ್ತು. ಬಾಗಿಲು ತಟ್ಟಿದ ಸದ್ದಿಗೆ ಅಧ್ಯಾಯ ಮುಗಿಯುತ್ತದೆ, ಮುಂದಿನದರಲ್ಲಿ ನೋಡಿದರೆ ಹಾಲಿನವನು.

ಕೊನೆಯ ಅಧ್ಯಾಯ 2013ರ ನವೆಂಬರ್, ಕಡೂರಿನಿಂದ ಚಿಕ್ಕಮಗಳೂರಿಗೆ ಮೊದಲ ರೈಲು ಬಂದ ಹೊತ್ತು. ಅವನನ್ನು ಮೂಡಿಗೆರೆ ಕಡೆಯಿಂದ ಕಾರಿನಲ್ಲಿ ಮಲಗಿಸಿಕೊಂಡು ತೋರಿಸಲು ಕರೆತರುತ್ತಾಳೆ. ಜನಜಂಗುಳಿ. ಗಾಲಿಕುರ್ಚಿಯಲ್ಲಿ ಕೂತವನಿಗೆ ಮುಂದಿನವರ ಬೆನ್ನಷ್ಟೇ ಕಾಣುತ್ತದೆ. ಎಡಗೈಯಲ್ಲಿ ಅವಳ ಸೆರಗು ಎಳೆದು ‘ಟೀಚ್ರೇ, ಬಂತಾ’ ಅಂತ ಕೇಳುತ್ತಾನೆ. ಬಂತು ಅಂತ ಅವಳು ಹೇಳುವ ಹೊತ್ತಿಗೆ ರೈಲು ಇನ್ನೂ ಬಂದಿರುವುದಿಲ್ಲ. ಅಲ್ಲಿಗೆ ನಿಲ್ಲಿಸಿದ್ದಾರೆ, ಸರಿಯಾಗಿ ನಿಲ್ಲಿಸಿದ್ದಾರೆ.

ಕೊಳ್ಳುವವರಿಗೆ: ಡೆಮಿ ಅಳತೆಯ 328 ಪುಟ, 34 ಅಧ್ಯಾಯ. ನಿಧಾನವಾಗಿ ಶುರುವಾಗುತ್ತದೆ, ಹೂಮಳೆಯ ಅಧ್ಯಾಯದವರೆಗೆ ತಾಳ್ಮೆ ಬೇಕು. ಕರಡು ತಿದ್ದುವವರು ಎರಡನೇ ಭಾಗದಲ್ಲಿ ಸೋತಿದ್ದಾರೆ, ಅಲ್ಪಪ್ರಾಣ ಮಹಾಪ್ರಾಣದ ತಪ್ಪುಗಳು ಪುಟಕ್ಕೊಂದು ಸಿಗುತ್ತವೆ. ಅಂಟು ಹಾಕಿದ ಬೈಂಡಿಂಗ್ ಆದ್ದರಿಂದ ಅಗಲಕ್ಕೆ ತೆರೆದಿಟ್ಟರೆ ನಡುವೆ ಬಿಟ್ಟುಕೊಳ್ಳುತ್ತದೆ. ಅಕ್ಷರ ಬಹಳ ಸಣ್ಣದು. ಈ ಕಥೆ ಹೆಚ್ಚು ತಟ್ಟುವುದು ಅರವತ್ತು ದಾಟಿದವರಿಗೆ, ಒಬ್ಬರ ಹಾಸಿಗೆಯ ಪಕ್ಕ ಕೂತು ಇನ್ನೊಬ್ಬರು ಓದಿ ಹೇಳುವಂಥ ಮನೆಗಳಿಗೆ. ಮುಂದಿನ ಮುದ್ರಣದಲ್ಲಿ ಮರಗಸಿಯನ್ನು ಸಂಕ್ರಾಂತಿಯಿಂದ ಮಳೆಗಾಲದ ಬಾಗಿಲಿಗೆ ತಂದು, ಅಕ್ಷರವನ್ನು ಎರಡು ಪಾಯಿಂಟ್ ದೊಡ್ಡದು ಮಾಡಿ, ದಾರದ ಹೊಲಿಗೆ ಹಾಕಿಸಲಿ.